ಕರಾವಳಿಯ ಇಲಿಜ್ವರದ ಪೇಪರ್‌ಗಳನ್ನು ಹುಡುಕಿ ಜೋಡಿಸಿದ ಕ್ರಮ

ಅವಿಭಜಿತ ದಕ್ಷಿಣ ಕನ್ನಡದ ಇಲಿಜ್ವರದ ಬಗ್ಗೆ ಇದುವರೆಗೆ ಪ್ರಕಟವಾದ ಸಂಶೋಧನೆಗಳನ್ನೆಲ್ಲ ಒಂದು ಕಡೆ ತರುವುದು ನಾವು ಹಿಡಿದ ಕೆಲಸ. ವೈದ್ಯರ ಭಾಷೆಯಲ್ಲಿ ಇದು ಲೆಪ್ಟೊಸ್ಪೈರೋಸಿಸ್. ಮಳೆಗಾಲದಲ್ಲಿ ಗದ್ದೆ, ತೋಟ, ಚರಂಡಿ ನೀರಿಗೆ ಇಳಿಯುವವರನ್ನು ಹಿಡಿಯುವ ಕಾಯಿಲೆಯಾದ್ದರಿಂದ ಮಂಗಳೂರು, ಮಣಿಪಾಲದ ಕಡೆಯಿಂದ ಇದರ ಮೇಲೆ ಬರಹಗಳು ಬರುತ್ತಲೇ ಇವೆ. ಗೂಗಲ್‌ನಲ್ಲಿ ಎರಡು ಪದ ಹೊಡೆದರೆ ಮೊದಲ ಪುಟದಲ್ಲೇ ಒಂದಿಷ್ಟು ಸಿಗುತ್ತವೆ. ಸಿಕ್ಕಿದ್ದು ಕಣ್ಣಿಗೆ ಕಾಣುತ್ತದೆ, ಸಿಗದೆ ಉಳಿದದ್ದು ಕಾಣುವುದಿಲ್ಲ. ಥೀಸಿಸ್‌ನ ಎರಡನೇ ಅಧ್ಯಾಯ ಬಡವಾಗುವುದು ಇಲ್ಲಿಯೇ.

ರೆಫರೆನ್ಸ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಪಿಜಿ ವಿದ್ಯಾರ್ಥಿಗಳು ಮೊದಲು ಕೇಳುತ್ತಾರೆ. ಅದು ಆಮೇಲಿನ ಪ್ರಶ್ನೆ. ಮೊದಲು ಬೇಕಾಗುವುದು ಒಂದು ಎಕ್ಸೆಲ್ ಹಾಳೆ. ಹುಡುಕಿದ ದಿನಾಂಕ, ಡೇಟಾಬೇಸಿನ ಹೆಸರು, ಅದರಲ್ಲಿ ಹಾಕಿದ ಸರ್ಚ್ ಸಾಲು ಅಕ್ಷರ ಬಿಡದೆ, ಹಾಕಿದ ಫಿಲ್ಟರ್, ಬಂದ ಫಲಿತಾಂಶಗಳ ಸಂಖ್ಯೆ, ಇಳಿಸಿಕೊಂಡ ಫೈಲಿನ ಹೆಸರು: ಇಷ್ಟು ಕಾಲಂ ಸಾಕು. ಕೊಣಾಜೆಯಲ್ಲೋ ಉಡುಪಿಯಲ್ಲೋ ಕುಳಿತ ಇನ್ನೊಬ್ಬರು ಈ ಹಾಳೆ ನೋಡಿ ಅದೇ ಹುಡುಕಾಟವನ್ನು ಮತ್ತೆ ಮಾಡಲು ಆಗಬೇಕು. ಆಗದಿದ್ದರೆ ಅದು ಸಂಶೋಧನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದೇ ನಮ್ಮ ನಿಲುವು. ಹುಡುಕಾಟವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ, 2021ರಲ್ಲಿ ಬಂದ ಪ್ರಿಸ್ಮಾ-ಎಸ್ ಎಂಬ 16 ಅಂಶಗಳ ಪಟ್ಟಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ವೈದ್ಯಕೀಯ ಲೇಖನಗಳ ಡೇಟಾಬೇಸಾದ ಪಬ್‌ಮೆಡ್‌ಗೆ ದಿನವೂ ಹೊಸ ದಾಖಲೆಗಳು ಸೇರುತ್ತವೆ. ದಿನಾಂಕ ಬರೆದಿಡದೆ 'ಇಷ್ಟು ಪೇಪರ್ ಸಿಕ್ಕಿತು' ಎಂದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಪ್ರಶ್ನೆಯನ್ನು ಎರಡು ಭಾಗ ಮಾಡಿಕೊಂಡೆವು: ಕಾಯಿಲೆ ಒಂದು, ಊರು ಇನ್ನೊಂದು. ಕಾಯಿಲೆಯ ಭಾಗ ಸುಲಭ. ಪಬ್‌ಮೆಡ್‌ನಲ್ಲಿ ಲೇಖನಗಳಿಗೆ ವಿಷಯಸೂಚಕ ಪದಗಳನ್ನು ಅಂಟಿಸುವ ಮೆಶ್ ಎಂಬ ಪದಕೋಶ ಉಂಟು. ಅಲ್ಲಿ ಲೆಪ್ಟೊಸ್ಪೈರೋಸಿಸ್ ಎಂದು ಹಾಕಿದರೆ ಅದರ ಕೆಳಗೆ ಬರುವ ವೈಲ್ಸ್ ಕಾಯಿಲೆಯೂ ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಮೆಶ್ ಒಂದನ್ನೇ ನಂಬಿದರೆ ನಮ್ಮ ಕಡೆಯ ಪೇಪರ್‌ಗಳೇ ಕೈಬಿಟ್ಟುಹೋಗುತ್ತವೆ. ಭಾರತದ ಬಹಳಷ್ಟು ಜರ್ನಲ್‌ಗಳು ಪಬ್‌ಮೆಡ್‌ನಲ್ಲಿ ಕಾಣುವುದು ಪಿಎಂಸಿ ಎಂಬ ಪೂರ್ಣಪಾಠ ಸಂಗ್ರಹದ ಮೂಲಕ. ಅವು ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್ ಪಟ್ಟಿಯಲ್ಲಿ ಇಲ್ಲದ್ದರಿಂದ ಅವಕ್ಕೆ ಮೆಶ್ ಪದ ಬೀಳುವುದೇ ಇಲ್ಲ. ಹಾಗಾಗಿ ಶೀರ್ಷಿಕೆ ಮತ್ತು ಅಬ್‌ಸ್ಟ್ರ್ಯಾಕ್ಟ್‌ನಲ್ಲಿರುವ ಪದಗಳನ್ನೂ ಪ್ರತ್ಯೇಕವಾಗಿ ಹುಡುಕಲೇಬೇಕು. 'ಲೆಪ್ಟೊಸ್ಪೈರ್' ಎಂಬ ಬೇರಿನ ತುದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಲೆಪ್ಟೊಸ್ಪೈರಾ, ಲೆಪ್ಟೊಸ್ಪೈರಲ್, ಲೆಪ್ಟೊಸ್ಪೈರೋಸಿಸ್ ಎಲ್ಲ ಬರುತ್ತವೆ. ನಕ್ಷತ್ರದ ಮೊದಲು ಕನಿಷ್ಠ 4 ಅಕ್ಷರ ಇರಬೇಕು. ಇನ್ನೊಂದು, ನಕ್ಷತ್ರ ಹಾಕಿದ ಪದಕ್ಕೆ ಪಬ್‌ಮೆಡ್ ತಾನಾಗಿ ಸಮಾನಾರ್ಥಕ ಹುಡುಕಿಕೊಡುವ ಕೆಲಸವನ್ನು ನಿಲ್ಲಿಸುತ್ತದೆ. ಆದ್ದರಿಂದ ಮೆಶ್ ಸಾಲು ಬೇರೆ, ನಕ್ಷತ್ರದ ಸಾಲು ಬೇರೆ ಬರೆದು ಎರಡನ್ನೂ 'ಆರ್' (ಇದು ಅಥವಾ ಅದು) ಎಂದು ಜೋಡಿಸಬೇಕು.

ನಿಜವಾದ ಶ್ರಮ ಬಿದ್ದದ್ದು ಊರಿನ ಹೆಸರಿಗೆ. 2014ರ ನವೆಂಬರ್ 1ರಂದು ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ಆದರೆ ಪೇಪರ್ ಬರೆಯುವವರು ಅಂದೇ ಬದಲಾಗಲಿಲ್ಲ; ಇಂದಿಗೂ ಎರಡೂ ನಡೆಯುತ್ತಿವೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಬರಹದಲ್ಲಿ ಕುಂದಾಪುರದ ರೋಗಿಯೂ ದಕ್ಷಿಣ ಕನ್ನಡದವನೇ. ಇನ್ನೂ ಹಿಂದಕ್ಕೆ ಹೋದರೆ ಸೌತ್ ಕೆನರಾ. ಅದನ್ನು ಇಂಗ್ಲಿಷಿನಲ್ಲಿ 'ಸಿ'ಯಿಂದಲೂ ಬರೆದಿದ್ದಾರೆ, 'ಕೆ'ಯಿಂದಲೂ ಬರೆದಿದ್ದಾರೆ. 1956ಕ್ಕೆ ಮುಂಚಿನ ಸೌತ್ ಕೆನರಾದಲ್ಲಿ ಈಗ ಕೇರಳದಲ್ಲಿರುವ ಕಾಸರಗೋಡೂ ಸೇರಿತ್ತು. ಆ ಕಾಲದ ಜಿಲ್ಲಾ ಅಂಕಿಗಳನ್ನು ಇವತ್ತಿನ ಗಡಿಗೆ ಹೊಂದಿಸಿ ಓದಿದರೆ ಲೆಕ್ಕವೇ ತಪ್ಪುತ್ತದೆ. ಉಡುಪಿಯನ್ನು ಹಳಬರು 'ಯು' ಬದಲು 'ಐ' ಹಾಕಿ ಉಡಿಪಿ ಎಂದೂ ಬರೆಯುತ್ತಿದ್ದರು. ಹಳೆಯ ದಾಖಲೆಗಳಲ್ಲಿ ಇನ್ನೊಂದು ಕಷ್ಟ: 1975ಕ್ಕಿಂತ ಹಿಂದಿನವುಗಳಲ್ಲಿ ಹೆಚ್ಚಿನವಕ್ಕೆ ಅಬ್‌ಸ್ಟ್ರ್ಯಾಕ್ಟ್ ಇಲ್ಲ. ಊರಿನ ಹೆಸರು ಶೀರ್ಷಿಕೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡೂ ರೂಪ ಒಟ್ಟಿಗೆ ಬರಲಿ ಎಂದು 'ಮಂಗಲ್' ಎಂಬಷ್ಟಕ್ಕೇ ನಕ್ಷತ್ರ ಹಾಕುವುದು ಚುರುಕಾದ ಉಪಾಯದ ಹಾಗೆ ಕಾಣುತ್ತದೆ. ಲೇಖಕರ ವಿಳಾಸದಲ್ಲಿ ಹಾಗೆ ಹುಡುಕಿದರೆ ಆಂಧ್ರದ ಮಂಗಳಗಿರಿ ಏಮ್ಸ್‌ನ ಪೇಪರ್‌ಗಳು ಸಾಲುಸಾಲಾಗಿ ಬರುತ್ತವೆ. ಎರಡು ಹೆಸರನ್ನೂ ಪೂರ್ತಿ ಬರೆಯುವುದೇ ಸರಿ. ಮಣಿಪಾಲದ ಸಮಸ್ಯೆ ಇನ್ನೂ ದೊಡ್ಡದು. ವಿಳಾಸದಲ್ಲಿ ಮಣಿಪಾಲ್ ಎಂದು ಹುಡುಕಿದರೆ ಗ್ಯಾಂಗ್ಟಾಕಿನ ಸಿಕ್ಕಿಂ ಮಣಿಪಾಲ್, ನೇಪಾಳದ ಪೋಖರಾದ ಮಣಿಪಾಲ್ ಕಾಲೇಜು, ಬೆಂಗಳೂರಿನ ಆಸ್ಪತ್ರೆ ಎಲ್ಲ ಬಂದು ಕೂರುತ್ತವೆ. ಬೇಡದ್ದನ್ನು 'ನಾಟ್ ನೇಪಾಳ್' ಎಂದು ತೆಗೆಯಬಾರದು. ನಮ್ಮ ಮಣಿಪಾಲದವರೇ ನೇಪಾಳದ ಅಂಕಿಯೊಂದಿಗೆ ಹೋಲಿಸಿ ಬರೆದ ಪೇಪರ್ ಕೂಡ ಅದರೊಂದಿಗೆ ಹೊರಟುಹೋಗುತ್ತದೆ, ಹೋದದ್ದು ಗೊತ್ತೂ ಆಗುವುದಿಲ್ಲ. 'ನಾಟ್' ಅನ್ನು ನಾವು ಬಹುತೇಕ ಮುಟ್ಟುವುದೇ ಇಲ್ಲ. ಬೇಡದ್ದನ್ನು ಕಣ್ಣಿನಿಂದ ನೋಡಿ ತೆಗೆಯುತ್ತೇವೆ. ಪುತ್ತೂರಿಗೂ ಇದೇ ಕಥೆ, ಆಂಧ್ರದಲ್ಲೂ ಒಂದು ಪುತ್ತೂರು ಇದೆ. ಕೆಲವು ವಿಳಾಸಗಳಲ್ಲಿ ಮಂಗಳೂರಿನ ಹೆಸರೇ ಇಲ್ಲದೆ ದೇರಳಕಟ್ಟೆ ಎಂದಷ್ಟೇ ಇರುತ್ತದೆ. ಅದನ್ನೂ ಪಟ್ಟಿಗೆ ಸೇರಿಸಬೇಕು.

ವಿಳಾಸದ ಹುಡುಕಾಟಕ್ಕೆ ಒಂದು ಮಿತಿ ಉಂಟು. ಪಬ್‌ಮೆಡ್ ಲೇಖಕರ ವಿಳಾಸ ದಾಖಲಿಸತೊಡಗಿದ್ದು 1988ರಿಂದ, ಅದೂ ಮೊದಲ ಲೇಖಕರದ್ದು ಮಾತ್ರ. ಎಲ್ಲ ಲೇಖಕರ ವಿಳಾಸ ಸಿಗುವುದು 2014ರಿಂದ ಈಚೆಗೆ. ಮೊದಲ ಲೇಖಕರು ವೆಲ್ಲೂರಿನವರು, ರೋಗಿಗಳು ಮಂಗಳೂರಿನವರು, ಪ್ರಕಟವಾದದ್ದು 2005ರಲ್ಲಿ ಎಂದಾದರೆ ವಿಳಾಸದಿಂದ ಅದು ಸಿಗುವುದಿಲ್ಲ.

ಶೀರ್ಷಿಕೆ, ಅಬ್‌ಸ್ಟ್ರ್ಯಾಕ್ಟ್ ಎರಡರಲ್ಲೂ ಊರಿನ ಹೆಸರನ್ನೇ ಹೇಳದ ಪೇಪರ್‌ಗಳು ಇನ್ನೊಂದು ದೊಡ್ಡ ಗುಂಪು. 'ದಕ್ಷಿಣ ಭಾರತದ ಒಂದು ತೃತೀಯ ಹಂತದ ಆಸ್ಪತ್ರೆಯಲ್ಲಿ', 'ಕರಾವಳಿ ಕರ್ನಾಟಕದಲ್ಲಿ' ಎಂಬ ಧಾಟಿಯಲ್ಲೇ ಇಲ್ಲಿನ ಬಹಳಷ್ಟು ಬರಹಗಳಿವೆ. ಹೊರದೇಶದ ಓದುಗರಿಗೆ ಅರ್ಥವಾಗಲಿ ಎಂದು ಲೇಖಕರು ಹಾಗೆ ಬರೆಯುತ್ತಾರೆ. ಹುಡುಕುವವರಿಗೆ ಅದೇ ತೊಡಕು. ನಾವು ಊರಿನ ಭಾಗಕ್ಕೆ ಕರ್ನಾಟಕ, ಕರಾವಳಿ ಕರ್ನಾಟಕ, ಪಶ್ಚಿಮ ಕರಾವಳಿ, ದಕ್ಷಿಣ ಭಾರತ ಎಂಬುದರ ಎರಡು ಮೂರು ಇಂಗ್ಲಿಷ್ ರೂಪಗಳು, ಮೆಶ್‌ನ 'ಇಂಡಿಯಾ' ಇಷ್ಟನ್ನೂ ಸೇರಿಸಿದೆವು. ಕಾಯಿಲೆಯ ಪದ ಇಷ್ಟು ಕಿರಿದಾಗಿರುವಾಗ ಊರಿನ ಭಾಗವನ್ನು ಅಗಲ ಮಾಡಿದರೆ ನಷ್ಟವಿಲ್ಲ. ಭಾರತದ ಇಲಿಜ್ವರದ ಪೇಪರ್‌ಗಳನ್ನೆಲ್ಲ ಶೀರ್ಷಿಕೆ ನೋಡಿ ಜರಡಿ ಹಿಡಿಯುವುದು ಇಬ್ಬರಿಗೆ ಆಗುವ ಕೆಲಸ. ಮಲೇರಿಯಾಕ್ಕೋ ಮಧುಮೇಹಕ್ಕೋ ಹೀಗೆ ಮಾಡಲು ಹೋದರೆ ಮುಗಿಯುವುದಿಲ್ಲ, ಅಲ್ಲಿ ಊರಿನ ಪದಗಳನ್ನು ಬಿಗಿ ಮಾಡಲೇಬೇಕಾಗುತ್ತದೆ.

ಆವರಣ ಚಿಹ್ನೆ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ನೋಡಬಹುದು. 'ಲೆಪ್ಟೊಸ್ಪೈರೋಸಿಸ್ ಆ್ಯಂಡ್ ಮ್ಯಾಂಗಲೋರ್ ಆರ್ ಉಡುಪಿ' ಎಂದು ಹಾಗೆಯೇ ಹೊಡೆದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ಮೊದಲು ಮಂಗಳೂರಿನ ಇಲಿಜ್ವರ ತೆಗೆಯುತ್ತದೆ, ಆಮೇಲೆ ಉಡುಪಿ ಎಂದಿರುವ ಎಲ್ಲವನ್ನೂ ಅದಕ್ಕೆ ಸುರಿಯುತ್ತದೆ: ಹಲ್ಲಿನ ಹುಳುಕು, ಶಾಲಾ ಮಕ್ಕಳ ರಕ್ತಹೀನತೆ, ಏನೆಲ್ಲ. ವೆಬ್ ಆಫ್ ಸೈನ್ಸ್ ಎಂಬ ಇನ್ನೊಂದು ಡೇಟಾಬೇಸ್ 'ಆ್ಯಂಡ್' ಅನ್ನು 'ಆರ್'ಗಿಂತ ಮೊದಲು ಬಿಡಿಸುವುದರಿಂದ ಅಲ್ಲೂ ಇದೇ ಗತಿ. ಮೂರನೆಯ ಡೇಟಾಬೇಸ್ ಸ್ಕೋಪಸ್ ಮಾತ್ರ 'ಆರ್' ಅನ್ನು ಮೊದಲು ಬಿಡಿಸುತ್ತದೆ. ಅಲ್ಲಿ ಅದೇ ಸಾಲು ನಮಗೆ ಬೇಕಾದ ಹಾಗೆ ನಡೆಯುತ್ತದೆ. ಒಂದೇ ಸಾಲಿಗೆ ಮೂರು ಕಡೆ ಎರಡು ಅರ್ಥ ಬಂದರೆ ಸಂಖ್ಯೆಗಳನ್ನು ಹೋಲಿಸುವ ಮಾತೇ ಇಲ್ಲ. ಊರುಗಳನ್ನೆಲ್ಲ ಒಂದು ಆವರಣದೊಳಗೆ, ಕಾಯಿಲೆಯ ಪದಗಳನ್ನು ಇನ್ನೊಂದರೊಳಗೆ ಇಟ್ಟು, ನಡುವೆ 'ಆ್ಯಂಡ್' ಹಾಕಬೇಕು. ಆ್ಯಂಡ್, ಆರ್ ಎರಡೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಇರಲಿ. ವರ್ಡ್‌ನಲ್ಲಿ ಸಾಲು ಬರೆದು ಅಂಟಿಸುವವರು ಉದ್ಧರಣ ಚಿಹ್ನೆ ನೋಡಿಕೊಳ್ಳಬೇಕು. ವರ್ಡ್ ಅದನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ, ಕೆಲವು ಡೇಟಾಬೇಸ್‌ಗಳು ಅದನ್ನು ಗುರುತಿಸುವುದಿಲ್ಲ. ಸಾಲುಗಳನ್ನು ನೋಟ್‌ಪ್ಯಾಡ್‌ನಲ್ಲೇ ಬರೆದಿಡುವುದು ಕ್ಷೇಮ.

ಪಬ್‌ಮೆಡ್‌ನ ಅಡ್ವಾನ್ಸ್ಡ್ ಪುಟದಲ್ಲಿ ಒಂದೊಂದೇ ಸಾಲು ಓಡಿಸಿ, ಪ್ರತಿ ಸಾಲಿಗೂ ಎಷ್ಟು ಬಂತು ಎಂದು ನೋಡಿ, ಕೊನೆಗೆ ಸಾಲಿನ ಸಂಖ್ಯೆ ಹಾಕಿ ಜೋಡಿಸಬಹುದು. ಯಾವುದೋ ಪದಕ್ಕೆ ಸೊನ್ನೆ ಬಂದಿದ್ದರೆ ಕಾಗುಣಿತದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 8 ಗಂಟೆ ಏನೂ ಮಾಡದೆ ಬಿಟ್ಟರೆ ಆ ಹಿಸ್ಟರಿ ಅಳಿಸಿಹೋಗುತ್ತದೆ. ಎದ್ದು ಹೋಗುವ ಮುನ್ನ ಎಕ್ಸೆಲ್ ಹಾಳೆಗೆ ನಕಲು ಮಾಡಿಟ್ಟರೆ ಭಯವಿಲ್ಲ.

ಸಾಲು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಉಂಟು, ಇದನ್ನು ಮಾಡುವವರು ಕಡಿಮೆ. ವಿಷಯಕ್ಕೆ ಖಂಡಿತ ಸೇರಬೇಕಾದ ಏಳೆಂಟು ಪೇಪರ್‌ಗಳನ್ನು ಗೈಡ್‌ರಿಂದ, ಹಳೆಯ ರಿವ್ಯೂಗಳಿಂದ ಮೊದಲೇ ತೆಗೆದಿಟ್ಟುಕೊಳ್ಳುವುದು. ಅವುಗಳ ಪಬ್‌ಮೆಡ್ ಸಂಖ್ಯೆಗಳನ್ನು 'ಆರ್' ಹಾಕಿ ಒಂದು ಸಾಲು ಮಾಡುವುದು. ನಂತರ 'ಆ ಸಾಲು ನಾಟ್ ನಮ್ಮ ಹುಡುಕಾಟದ ಸಾಲು' ಎಂದು ಓಡಿಸುವುದು. 'ನಾಟ್' ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಏನೂ ಬರದಿದ್ದರೆ ಎಲ್ಲವೂ ಬಲೆಗೆ ಬಿದ್ದಿವೆ. ಬಂದವನ್ನು ತೆರೆದು ನೋಡಿದರೆ ಯಾವ ಪದ ಬಿಟ್ಟಿದ್ದೇವೆ ಎಂಬುದು ಅಲ್ಲೇ ಕಾಣುತ್ತದೆ. 'ಸೌತ್ ವೆಸ್ಟರ್ನ್ ಇಂಡಿಯಾ' ಎಂಬ ರೂಪ ನಮ್ಮ ಪಟ್ಟಿಗೆ ಸೇರಿದ್ದು ಹೀಗೆ.

ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳಲ್ಲಿ ಮೆಶ್ ಸಾಲು ನಡೆಯುವುದಿಲ್ಲ. ಅದರ ಪದಗಳನ್ನು ಬಿಡಿಸಿ ಶೀರ್ಷಿಕೆ, ಅಬ್‌ಸ್ಟ್ರ್ಯಾಕ್ಟ್, ಕೀವರ್ಡ್‌ಗಳಲ್ಲಿ ಹುಡುಕಬೇಕು. ಗೂಗಲ್ ಸ್ಕಾಲರ್ ಬೇರೆಯೇ ಜಾತಿ. ಎಷ್ಟೇ ಸಾವಿರ ಎಂದು ಮೇಲೆ ತೋರಿಸಿದರೂ ನೋಡಲು ಕೊಡುವುದು ಮೊದಲ 1000 ಮಾತ್ರ. ನಕ್ಷತ್ರದ ಉಪಾಯ ಅಲ್ಲಿ ನಡೆಯುವುದಿಲ್ಲ, ಉದ್ದದ ಸಾಲನ್ನು ಕತ್ತರಿಸುತ್ತದೆ. ಆದ್ದರಿಂದ ಅದನ್ನು ಮುಖ್ಯ ಹುಡುಕಾಟಕ್ಕೆ ಬಳಸಬಾರದು. ಆದರೆ ಅದು ಲೇಖನದ ಒಳಗಿನ ಪೂರ್ಣಪಾಠವನ್ನೂ ಹುಡುಕುತ್ತದೆ. ಹಲವು ಊರುಗಳ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನದಲ್ಲಿ ಮಂಗಳೂರು ಎಂಬುದು ಯಾವುದೋ ಟೇಬಲ್ಲಿನ ಒಂದು ಸಾಲಿನಲ್ಲಷ್ಟೇ ಇರುವುದುಂಟು. ಅಂಥದ್ದು ಸಿಗುವುದು ಇಲ್ಲಿ ಅಥವಾ ಯುರೋಪ್ ಪಿಎಂಸಿಯಲ್ಲಿ. ಸ್ಕಾಲರ್‌ನಲ್ಲಿ ಮೊದಲ 200–300 ಫಲಿತಾಂಶ ನೋಡಿ, ಎಲ್ಲಿಯವರೆಗೆ ನೋಡಿದೆವು ಎಂದು ಹಾಳೆಯಲ್ಲಿ ಬರೆಯುತ್ತೇವೆ. ಪಿಎಚ್‌ಡಿ ಥೀಸಿಸ್‌ಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ. ಎಂಡಿ ವಿದ್ಯಾರ್ಥಿಗಳ ಡೆಸರ್ಟೇಶನ್‌ಗಳಿಗಾಗಿ ಕಾಲೇಜು ಲೈಬ್ರರಿಯ ಕಪಾಟನ್ನೇ ನೋಡಬೇಕಾಗುತ್ತದೆ, ಅಲ್ಲಿ ರಟ್ಟು ಕಟ್ಟಿ ಕುಳಿತ ಎಷ್ಟೋ ಒಳ್ಳೆಯ ಅಂಕಿಗಳು ಪೇಪರ್ ಆಗಿಯೇ ಇಲ್ಲ.

ಪೂರ್ಣಪಾಠ ಸಿಗುವುದು ನೀವು ಯಾವ ಸಂಸ್ಥೆಯವರು ಎಂಬುದರ ಮೇಲೆ. 2025ರ ಜನವರಿ 1ರಿಂದ ಶುರುವಾದ ಕೇಂದ್ರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಮಂಗಳೂರು ವಿಶ್ವವಿದ್ಯಾನಿಲಯ, ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಇರುವವರಿಗೆ ಇದು ದೊಡ್ಡ ಅನುಕೂಲ. ಕರಾವಳಿಯ ಮೆಡಿಕಲ್ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿಯವರಿಗೆ ಕಾಲೇಜಿನ ಸ್ವಂತ ಚಂದಾವೇ ಗತಿ. ಬ್ರೌಸರಿಗೆ ಅನ್‌ಪೇವಾಲ್ ಸೇರಿಸಿಕೊಂಡರೆ ಲೇಖಕರು ಬೇರೆಲ್ಲಾದರೂ ಉಚಿತವಾಗಿ ಇಟ್ಟ ಪ್ರತಿ ಇದ್ದಾಗ ತೋರಿಸುತ್ತದೆ. ಅದೂ ಇಲ್ಲದಿದ್ದರೆ ಸಂಪರ್ಕ ಲೇಖಕರಿಗೆ ಎರಡು ಸಾಲಿನ ಇಮೇಲ್.

ಇನ್ನು ಜೋಡಣೆ. ರೆಫರೆನ್ಸ್ ಜೋಡಿಸಲು ನಾವು ಜೊಟೆರೋ ಬಳಸುತ್ತೇವೆ: ಉಚಿತ, ಮುಕ್ತ ತಂತ್ರಾಂಶ, ಯಾವ ಪ್ರಕಾಶಕರ ಕೈಯಲ್ಲೂ ಇಲ್ಲ. ಪ್ರತಿ ಡೇಟಾಬೇಸಿನ ಫೈಲನ್ನು ಪ್ರತ್ಯೇಕ ಕಲೆಕ್ಷನ್‌ಗೆ ಇಳಿಸಿ, 'ಪಬ್‌ಮೆಡ್', 'ಸ್ಕೋಪಸ್' ಎಂದು ಟ್ಯಾಗ್ ಹಾಕಿ, ಸಂಖ್ಯೆ ಎಕ್ಸೆಲ್ ಹಾಳೆಗೆ ಸರಿಹೊಂದುತ್ತದೆಯೇ ನೋಡಿ, ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಟ್ಟು, ಆಮೇಲೆಯೇ ನಕಲುಗಳನ್ನು ಸೇರಿಸುವುದು. ಸೇರಿಸಿದ ಮೇಲೆ ಯಾವುದು ಎಲ್ಲಿಂದ ಬಂತು ಎಂದು ಕೇಳಿದರೆ ಟ್ಯಾಗ್ ಉತ್ತರ ಹೇಳುತ್ತದೆ, ಎಷ್ಟು ಸಿಕ್ಕಿತು, ಎಷ್ಟು ಉಳಿಯಿತು ಎಂದು ತೋರಿಸುವ ಪ್ರಿಸ್ಮಾ 2020ರ ಚಿತ್ರಕ್ಕೆ ಆ ಸಂಖ್ಯೆಗಳು ಬೇಕೇ ಬೇಕು. ಎರಡು ಪ್ರತಿಗಳಲ್ಲಿ ಪಬ್‌ಮೆಡ್‌ನದ್ದನ್ನು ಮುಖ್ಯವಾಗಿ ಉಳಿಸಿಕೊಳ್ಳಿ, ಅದರಲ್ಲಿ ಜರ್ನಲ್ಲಿನ ಸಂಕ್ಷಿಪ್ತ ಹೆಸರು ಸರಿಯಾಗಿರುತ್ತದೆ. ಶೀರ್ಷಿಕೆ ಒಂದೇ ಎಂದ ಮಾತ್ರಕ್ಕೆ ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟನ್ನೂ ಪೂರ್ಣ ಲೇಖನವನ್ನೂ ಒಂದು ಮಾಡಬಾರದು.

ಯಂತ್ರಕ್ಕೆ ಕಾಣದ ಇನ್ನೊಂದು ಬಗೆಯ ನಕಲು ಉಂಟು. ಒಂದೇ ಆಸ್ಪತ್ರೆಯ ಐದು ವರ್ಷದ ರೋಗಿಗಳ ಮೇಲೆ ಒಂದು ಪೇಪರ್, ಅದೇ ರೋಗಿಗಳನ್ನು ಒಳಗೊಂಡ ಎಂಟು ವರ್ಷದ್ದು ಇನ್ನೊಂದು, ಅವರಲ್ಲೇ ಮೂತ್ರಪಿಂಡ ಕೆಟ್ಟವರ ಮೇಲೆ ಮತ್ತೊಂದು. ಶೀರ್ಷಿಕೆ ಬೇರೆ, ಡಿಒಐ (ಲೇಖನದ ಗುರುತುಸಂಖ್ಯೆ) ಬೇರೆ, ಜನ ಅವರೇ. ಮೂರನ್ನೂ ಕೂಡಿಸಿದರೆ ಒಬ್ಬ ರೋಗಿ ಮೂರು ಸಲ ಎಣಿಕೆಯಾಗುತ್ತಾನೆ. ಆಸ್ಪತ್ರೆ, ರೋಗಿಗಳನ್ನು ಸೇರಿಸಿಕೊಂಡ ತಿಂಗಳು ಮತ್ತು ವರ್ಷ, ಲೇಖಕರು, ಎಥಿಕ್ಸ್ ಸಮಿತಿಯ ಅನುಮತಿ ಸಂಖ್ಯೆ ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಅಂಥವನ್ನು ಜೊಟೆರೋದ 'ರಿಲೇಟೆಡ್' ಭಾಗದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಡುತ್ತೇವೆ.

ದಾಖಲೆಗಳನ್ನು ಶುಚಿ ಮಾಡದೆ ವರ್ಡ್‌ಗೆ ಹೋದವರ ರೆಫರೆನ್ಸ್ ಪಟ್ಟಿ ನೋಡಿದ ಕೂಡಲೇ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹೆಸರು ಅಲ್ಲಿ 'ಆರ್ಗನೈಸೇಶನ್ ಡಬ್ಲ್ಯೂಎಚ್' ಎಂದು ಅಚ್ಚಾಗಿರುತ್ತದೆ. ಸಂಸ್ಥೆಯ ಹೆಸರನ್ನು ಜೊಟೆರೋ ವ್ಯಕ್ತಿಯ ಹೆಸರೆಂದು ತಿಳಿದು ಕೊನೆಯ ಪದವನ್ನು ಮನೆತನದ ಹೆಸರು ಮಾಡಿದ್ದರ ಫಲ. ಲೇಖಕರ ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿ ಒಂದೇ ಪೆಟ್ಟಿಗೆ ಮಾಡಿದರೆ ಸರಿಹೋಗುತ್ತದೆ. ನಮ್ಮವರ ಇನಿಶಿಯಲ್‌ಗಳೂ ಹೀಗೆಯೇ ತಿರುಗುಮುರುಗು. 'ಶ್ರೀನಿವಾಸ ಕೆ' ಎಂಬಲ್ಲಿ 'ಕೆ' ಮನೆತನದ ಪೆಟ್ಟಿಗೆಗೆ ಬಿದ್ದಿದ್ದರೆ ವೈದ್ಯಕೀಯ ಜರ್ನಲ್‌ಗಳು ಬಳಸುವ ವ್ಯಾಂಕೋವರ್ ಶೈಲಿಯಲ್ಲಿ 'ಕೆ ಎಸ್' ಎಂದು ಬರುತ್ತದೆ, ಆ ಲೇಖಕರನ್ನು ಯಾರೂ ಗುರುತಿಸಲಾರರು. ಪಿಡಿಎಫ್ ತೆರೆದು ಅವರು ತಮ್ಮ ಹೆಸರನ್ನು ಹೇಗೆ ಬರೆದಿದ್ದಾರೆ ಎಂದು ನೋಡಿ ತಿದ್ದುವುದು ಅವರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ. ಶೀರ್ಷಿಕೆಗಳನ್ನು ವಾಕ್ಯದ ರೀತಿಯಲ್ಲಿ, ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಇಟ್ಟುಕೊಳ್ಳಿ. ಅದಕ್ಕೆ ಆಜ್ಞೆ ಇದೆ, ಆದರೆ ಅದು ಊರಿನ ಹೆಸರಿನ ದೊಡ್ಡಕ್ಷರವನ್ನೂ ಚಿಕ್ಕದು ಮಾಡಿರಬಹುದು, ಕಣ್ಣಾಡಿಸಬೇಕು.

ಕನ್ನಡ ಆಕರಗಳಿಗೆ ಒಂದು ಎಚ್ಚರ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಪಠ್ಯವನ್ನು ಜೊಟೆರೋಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಅಂಟಿಸಬೇಕು.

ಜೊಟೆರೋದ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಒಳಗೆ ಇಡಬೇಡಿ. ಅದರ ಡೇಟಾಬೇಸ್ ಫೈಲನ್ನು ಜೊಟೆರೋ ಬರೆಯುತ್ತಿರುವಾಗಲೇ ಡ್ರೈವ್ ನಕಲು ಮಾಡತೊಡಗಿದರೆ ಫೈಲು ಕೆಡುತ್ತದೆ. ಸಿಂಕ್‌ಗೆ ಜೊಟೆರೋ ಉಚಿತವಾಗಿ ಕೊಡುವ ಜಾಗ 300 ಎಂಬಿ. ಪಿಡಿಎಫ್‌ಗಳಿಂದ ಅದು ಬೇಗ ತುಂಬುತ್ತದೆ. ಫೈಲ್ ಸಿಂಕ್ ಆಫ್ ಮಾಡಿ ದಾಖಲೆಗಳನ್ನು ಮಾತ್ರ ಸಿಂಕ್ ಮಾಡಿದರೆ ಮಿತಿಯಿಲ್ಲ. ಪಿಡಿಎಫ್ ಸಮೇತದ ಬ್ಯಾಕಪ್ಪನ್ನು ಜೊಟೆರೋ ಮುಚ್ಚಿದ ಮೇಲೆ ಹಾರ್ಡ್ ಡಿಸ್ಕಿಗೆ ತೆಗೆದುಕೊಳ್ಳಿ.

ವರ್ಡ್‌ನಲ್ಲಿ ಪಟ್ಟಿಯನ್ನು ಕೈಯಾರೆ ತಿದ್ದಬಾರದು. ಮುಂದಿನ ರಿಫ್ರೆಶ್‌ನಲ್ಲಿ ತಿದ್ದಿದ್ದೆಲ್ಲ ಹೋಗುತ್ತದೆ. ತಪ್ಪು ಎಲ್ಲಿದೆಯೋ ಅಲ್ಲಿ, ಅಂದರೆ ಜೊಟೆರೋದಲ್ಲೇ ತಿದ್ದಬೇಕು. ಜರ್ನಲ್ ಹೆಸರಿಗೆ ಮೆಡ್‌ಲೈನ್ ಸಂಕ್ಷೇಪ ಬಳಸುವ ಟಿಕ್ ಹಾಕಿದ್ದರೆ ನಾವು ತುಂಬಿದ ಸಂಕ್ಷೇಪವನ್ನು ಅದು ನೋಡುವುದೇ ಇಲ್ಲ. ಜರ್ನಲ್ಲಿಗೆ ಕಳಿಸುವಾಗ ಒಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ ಸೈಟೇಶನ್ ಕೊಂಡಿ ಬಿಡಿಸಿ. ಮೂಲದ ಕೊಂಡಿ ಉಳಿದಿದ್ದರೆ ರಿವ್ಯೂವರ್ ಹೇಳಿದ ಎರಡು ರೆಫರೆನ್ಸ್ ಸೇರಿಸುವುದು ಕ್ಷಣದ ಕೆಲಸ.

ಚಾಟ್‌ಬಾಟ್ ಕೊಟ್ಟ ರೆಫರೆನ್ಸನ್ನು ಡಿಒಐ ತೆರೆದು ಶೀರ್ಷಿಕೆ, ಲೇಖಕರು, ವರ್ಷ ಮೂರೂ ಹೊಂದುವವರೆಗೆ ಸೇರಿಸಬೇಡಿ. ಇಲ್ಲದ ಪೇಪರಿಗೆ ಇರುವ ಜರ್ನಲ್ಲಿನ ಹೆಸರು ಹಾಕಿ ಅದು ಕೊಡುವುದುಂಟು. ಹಿಂತೆಗೆದುಕೊಂಡ ಪೇಪರ್‌ಗಳಿಗೆ ಜೊಟೆರೋ ರಿಟ್ರ್ಯಾಕ್ಷನ್ ವಾಚ್ ಮಾಹಿತಿ ನೋಡಿ ಕೆಂಪು ಗುರುತು ತೋರಿಸುತ್ತದೆ. ಸಲ್ಲಿಸುವ ದಿನ ಮತ್ತೊಮ್ಮೆ ನೋಡಿ.

ಮೊದಲ ಹುಡುಕಾಟಕ್ಕೂ ಪೇಪರ್ ಬರೆದು ಮುಗಿಸುವುದಕ್ಕೂ ನಡುವೆ ಒಂದು ಮಳೆಗಾಲವಾದರೂ ಕಳೆದಿರುತ್ತದೆ, ಅಷ್ಟರಲ್ಲಿ ಹೊಸ ಬರಹಗಳು ಬಂದಿರುತ್ತವೆ. ಪ್ರಕಟಣೆಗೆ ಮುಂಚಿನ 12 ತಿಂಗಳೊಳಗೆ, ಸಾಧ್ಯವಾದರೆ 6 ತಿಂಗಳೊಳಗೆ, ಅದೇ ಸಾಲುಗಳನ್ನು ಮತ್ತೆ ಓಡಿಸಬೇಕು. ಆಗ ಪ್ರಕಟಣೆಯ ವರ್ಷದಿಂದ ಮಿತಿ ಹಾಕಬೇಡಿ. ಹಳೆಯ ಸಂಚಿಕೆಯ ಲೇಖನಗಳು ಎಷ್ಟೋ ಸಲ ತಡವಾಗಿ ಪಬ್‌ಮೆಡ್‌ಗೆ ಸೇರುತ್ತವೆ, ಅವು ತಪ್ಪಿಹೋಗುತ್ತವೆ. ದಾಖಲೆ ಪಬ್‌ಮೆಡ್‌ಗೆ ಸೇರಿದ ದಿನಾಂಕದಿಂದ ಮಿತಿ ಹಾಕಿ, ಅದೂ ಹಿಂದಿನ ಹುಡುಕಾಟದ ದಿನಕ್ಕಿಂತ ಒಂದೆರಡು ವಾರ ಹಿಂದಿನಿಂದ. ಒಂದಿಷ್ಟು ನಕಲು ಬರುತ್ತವೆ; ಹೊಸ ಕಲೆಕ್ಷನ್‌ಗೆ ಇಳಿಸಿ, 'ಎರಡನೇ ಸುತ್ತು' ಎಂದು ಟ್ಯಾಗ್ ಹಾಕಿ, ಹಳೆಯವುಗಳೊಂದಿಗೆ ಸೇರಿಸಿ, ಉಳಿದವನ್ನು ಮೊದಲ ಸಲ ಜರಡಿ ಹಿಡಿದ ಆ ಇಬ್ಬರೇ ಮತ್ತೆ ಓದುವುದು.